ದತ್ತು ಮಗುವಿನ ನಿರೀಕ್ಷೆಯಲ್ಲಿ ಒಂದು ಸೇವಾಯಾತ್ರೆ

ಪೂಜ್ಯ ಧರ್ಮಗುರುಗಳೇ, ಧರ್ಮಭಗಿನಿಯರೇ, ಧರ್ಮಕೇಂದ್ರದ ಬಂಧುಗಳೇ,

ದತ್ತು ಮಗುವಿಗಾಗಿ ಹೆಸರು ನೋಂದಾಯಿಸಿ ಕಾಯುತ್ತಿರುವವರು ಮಕ್ಕಳ ಆಶ್ರಮಕ್ಕೆ ಸೇವೆಗೆಂದು ಹೋಗುವುದು ಸರಿಯೇ ಎಂದು, ನಾವು ಸೇವಾ ತಂಡದೊಂದಿಗೆ ಮಂಗಳೂರಿನಿಂದ ಉತ್ತರ ಕರ್ನಾಟಕಕ್ಕೆ ಹೊರಟಾಗಲೇ ಕೆಲವರು ಕೇಳಿದ್ದರು. ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಹೋಗುವುದು ಮಗುವನ್ನು ನೋಡಿ ಬರಲು ಅಲ್ಲ, ಅಲ್ಲಿನ ಕೆಲಸಕ್ಕೆ ಹೆಗಲು ಕೊಡಲು ಎಂಬುದು ಹೊರಡುವ ಮೊದಲೇ ಮನೆಯಲ್ಲಿ ಎಲ್ಲರಿಗೂ ಸ್ಪಷ್ಟವಾಗಿರಬೇಕು.

ನಮ್ಮಂತಹ ಕ್ರೈಸ್ತ ಕುಟುಂಬಗಳಿಗೆ ದತ್ತು ತಡವಾಗಿ ದೊರೆತ ಹಕ್ಕು. 1956ರ ಹಿಂದೂ ದತ್ತು ಕಾಯ್ದೆ ನಮಗೆ ಅನ್ವಯಿಸುತ್ತಿರಲಿಲ್ಲ. 1890ರ ಪಾಲಕತ್ವ ಕಾಯ್ದೆಯಡಿ ನಮ್ಮ ಹಿರಿಯರು ಮಗುವಿನ ಪಾಲಕರಾಗಬಹುದಿತ್ತೇ ಹೊರತು ಕಾನೂನಿನ ಕಣ್ಣಿನಲ್ಲಿ ತಂದೆತಾಯಿಯಾಗುವಂತಿರಲಿಲ್ಲ. ಆರೈಕೆ ಮತ್ತು ರಕ್ಷಣೆ ಬೇಕಾದ ಮಕ್ಕಳಿಗಾಗಿ ಇರುವ ಬಾಲನ್ಯಾಯ ಕಾಯ್ದೆಯಡಿ ಯಾವ ಧರ್ಮದವರೂ ದತ್ತು ಪಡೆಯಬಹುದೆಂಬುದನ್ನು 2014ರಲ್ಲಿ ಶಬನಂ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಇಂದು ದತ್ತು ವ್ಯವಸ್ಥೆಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಾರಾ ಪ್ರಾಧಿಕಾರದ ಪೋರ್ಟಲ್‌ನಲ್ಲಿ ನೋಂದಣಿ, ಸಮಾಜ ಕಾರ್ಯಕರ್ತರು ಮನೆಗೆ ಬಂದು ಬರೆಯುವ ಗೃಹ ಅಧ್ಯಯನ ವರದಿ, ಅದರ ನಂತರ ಜ್ಯೇಷ್ಠತೆಯ ಸಾಲಿನಲ್ಲಿ ದೀರ್ಘ ಕಾಯುವಿಕೆ. ಮಗುವಿನ ವಿವರ ಬಂದ ಮೇಲೆ ಮಾತ್ರ ಒಪ್ಪಿಗೆ ತಿಳಿಸಲು 48 ಗಂಟೆಗಳ ಅವಕಾಶ. 2022ರ ಸೆಪ್ಟೆಂಬರ್‌ನಿಂದ ಅಂತಿಮ ಆದೇಶ ನೀಡುವವರು ಜಿಲ್ಲಾಧಿಕಾರಿಗಳು. ಆಶ್ರಮಕ್ಕೆ ಹೋಗಿ ಇಷ್ಟವಾದ ಮಗುವನ್ನು ಆರಿಸಿಕೊಳ್ಳುವ ದಾರಿ ಇಲ್ಲ. ವಿಧಿವಿಧಾನ ಮೀರಿ ಮಗುವನ್ನು ಪಡೆದರೆ 3 ವರ್ಷಗಳವರೆಗೆ ಸೆರೆವಾಸವಾಗಬಹುದು. ಈ ಬಿಗಿ ಕೆಲವರಿಗೆ ಕಠಿಣವೆನಿಸುತ್ತದೆ, ನನಗೆ ಹಾಗನ್ನಿಸಿಲ್ಲ. ಮಗು ಕೈಯಿಂದ ಕೈಗೆ ಸಾಗಿಹೋಗದಂತೆ ತಡೆಯುವ ಬೇಲಿ ಅದು.

ಇಷ್ಟೆಲ್ಲ ಹೇಳಿಕೊಟ್ಟೇ ಮಗನನ್ನು ಕರೆದೊಯ್ದಿದ್ದೆವು. ಆದರೂ ಮೊದಲ ರಾತ್ರಿ, ಊಟದ ಸಾಲಿನಲ್ಲಿ ಕುಳಿತ ಹುಡುಗಿಯರನ್ನು ಒಬ್ಬೊಬ್ಬರಾಗಿ ನೋಡಿ, "ಮಮ್ಮಿ, ಇವರಲ್ಲಿ ನಮ್ಮ ತಂಗಿ ಯಾರು?" ಎಂದು ಅವನು ಕಿವಿಯಲ್ಲಿ ಕೇಳಿದ. "ಯಾರೂ ಅಲ್ಲ ಮಗಾ. ನಿನ್ನ ತಂಗಿ ಎಲ್ಲಿದ್ದಾಳೆಂದು ನಮಗಿನ್ನೂ ಗೊತ್ತಿಲ್ಲ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಹೋಗಿ ನೀರು ಬಡಿಸತೊಡಗಿದ. ಕಾಯುವ ಮನೆಯಲ್ಲಿ ದೊಡ್ಡವರಷ್ಟೇ ಮಕ್ಕಳೂ ಕಾಯುತ್ತಾರೆ. ಅವರೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಬೇಕು.

ಅಲ್ಲಿ ನಾವು ಮಾಡಿದ ಕೆಲಸಗಳಲ್ಲಿ ಹೆಚ್ಚು ಉಪಯೋಗವಾದದ್ದು ಹಾಡು, ಆಟ, ಸಿಹಿ ಹಂಚಿಕೆಗಳಲ್ಲ. ಕಂಬಳಿಗಳನ್ನು ಒಗೆದು ಒಣಗಿಸಿದೆವು, ಸಮವಸ್ತ್ರಗಳಿಗೆ ಗುಂಡಿ ಹೊಲಿದೆವು, ಸಂಜೆಯ ಪಾತ್ರೆ ತೊಳೆದೆವು. ಬೆಳಿಗ್ಗೆ ಸಾಲಾಗಿ ಕುಳಿತ ಹುಡುಗಿಯರ ತಲೆಗೆ ಎಣ್ಣೆ ಹಚ್ಚಿ, ಹೇನು ನೋಡಿ, ಬಿಗಿಯಾಗಿ ಎರಡು ಜಡೆ ಹೆಣೆದು ರಿಬ್ಬನ್ ಕಟ್ಟುತ್ತಿದ್ದ ಆರೈಕೆಯ ಅಕ್ಕಂದಿರಿಗೆ ಮಧ್ಯಾಹ್ನ ಮಲಗಲು ಬಿಡುವು ದೊರೆತದ್ದು ಆ ದಿನಗಳಲ್ಲಿ ಮಾತ್ರ ಎಂದು ಸಿಸ್ಟರ್ ಹೇಳಿದರು. ಜಡೆ ಹಾಕುವ ಕೈಯನ್ನು ನಾವು ಬೇಕೆಂದೇ ಬದಲಿಸಲಿಲ್ಲ. ವರ್ಷವಿಡೀ ಇರುವ ಕೈ ಅದು. ನಮ್ಮದು ವಾರ ಮುಗಿಯುವ ಮೊದಲು ಹೊರಟುಹೋಗುವ ಕೈ.

ಈ ಎಚ್ಚರಕ್ಕೆ ಕಾರಣವಿದೆ. ಸದಾ ಜೊತೆಗಿದ್ದು ಸಲಹುವ ಒಬ್ಬರು ಮಗುವಿಗೆ ಅನ್ನದಷ್ಟೇ ಅಗತ್ಯ ಎಂಬುದನ್ನು ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲೇ ತೋರಿಸಿಕೊಟ್ಟಿದ್ದರು. ಗೇಟಿನ ಬಳಿ ಓಡಿಬಂದು ಅಪರಿಚಿತರನ್ನು ಅಪ್ಪಿಕೊಳ್ಳುವ ಮಗುವನ್ನು ಕಂಡು ನಮ್ಮ ಮನಸ್ಸು ಕರಗುತ್ತದೆ. ಆದರೆ ಹಲವರು ಬಂದು ಹೋದದ್ದರ ಗುರುತೂ ಅದಾಗಿರಬಹುದು. "ಯಕ್ಕಾ, ನಾಳಿಗೂ ಇರ್ತೀರೇನ್ರಿ?" ಎಂದು ಒಬ್ಬಳು ಕೇಳಿದಾಗ, ಭಾನುವಾರದವರೆಗೆ ಇರುತ್ತೇವೆ, ಆಮೇಲೆ ಊರಿಗೆ ಹೋಗುತ್ತೇವೆ ಎಂದು ಇದ್ದದ್ದನ್ನೇ ಹೇಳಿದೆ. ಮತ್ತೆ ಬರುತ್ತೇನೆ ಎಂಬ ಮಾತನ್ನು ಬರುವುದು ಖಚಿತವಿದ್ದವರು ಮಾತ್ರ ಆಡಲಿ. ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದಂತೂ ಬೇಡವೇ ಬೇಡ; ಆ ಮಕ್ಕಳ ಗುರುತನ್ನು ಬಹಿರಂಗಪಡಿಸಬಾರದೆಂದು ಕಾನೂನೇ ಇದೆ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಅಲ್ಲಿದ್ದ ಅನೇಕ ಮಕ್ಕಳಿಗೆ ತಾಯಿ ಇದ್ದಾಳೆ. ಕೂಲಿಗೆಂದು ಊರೂರು ಅಲೆಯುವವಳು, ಗಂಡ ತೀರಿಕೊಂಡವಳು, ಮಗು ಎರಡು ಹೊತ್ತು ಉಂಡು ಶಾಲೆಗೆ ಹೋಗಲೆಂದು ಬಿಟ್ಟುಹೋದವಳು. ಆ ಮಕ್ಕಳು ದತ್ತಿಗೆ ಇರುವವರಲ್ಲ, ಇರಲೂಬಾರದು. ಮಕ್ಕಳ ಕಲ್ಯಾಣ ಸಮಿತಿ ಕಾನೂನುಬದ್ಧವಾಗಿ ಮುಕ್ತವೆಂದು ಘೋಷಿಸಿದ ಮಗು ಮಾತ್ರ ದತ್ತಿಗೆ ಅರ್ಹ. ಮಗುವನ್ನು ಒಪ್ಪಿಸಿದ ತಾಯಿಗೂ ಮನಸ್ಸು ಬದಲಿಸಲು 2 ತಿಂಗಳ ಕಾಲಾವಕಾಶವಿದೆ. ಮತ್ತೊಮ್ಮೆ ತಾಯಿಯಾಗಲು ಹಂಬಲಿಸುತ್ತಿರುವ ನಾನು ಈ ಕಾಲಾವಕಾಶವನ್ನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಬಡತನವೊಂದೇ ಕಾರಣವಾದಲ್ಲಿ ಮಗು ಮನೆಯಲ್ಲೇ ಉಳಿಯಲೆಂದು ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವವೆಂಬ, ತಿಂಗಳಿಗೆ 4,000 ರೂಪಾಯಿಗಳ ನೆರವಿದೆ. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಸಲ್ಲಿಸಬೇಕು. ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ, ಆಧಾರ್ ಹೊಂದಿಸಿಕೊಂಡು ಕಚೇರಿಗೆ ಅಲೆಯುವುದು ದಿನಗೂಲಿಯ ಹೆಂಗಸಿಗೆ ಸುಲಭವಲ್ಲ.

ಮುಂದಿನ ಸೇವಾಯಾತ್ರೆಗೆ ಮೊದಲು, ನಮ್ಮ ಮಂಗಳೂರಿನಲ್ಲೇ ಇರುವ ಇಂತಹ ತಾಯಂದಿರ ಜೊತೆ ಆ ಕಚೇರಿಗೆ ಹೋಗಿಬರಲು, ವಾರದ ದಿನಗಳಲ್ಲಿ ಬಿಡುವಿರುವ ನಾಲ್ಕೈದು ಮಂದಿ ಬೇಕಾಗಿದ್ದಾರೆ. ಸಿದ್ಧರಿರುವವರು ಸಭೆ ಮುಗಿದ ಮೇಲೆ ನನ್ನಲ್ಲಿ ಹೆಸರು ಬರೆಸಬೇಕೆಂದು ಕೋರುತ್ತೇನೆ.