ಮಲ್ಪೆಯ ಹೊಯಿಗೆಯಲ್ಲಿ ಒಂದು ತೆಂಗಿನಕಾಯಿ ಸೂರ್ಯ

ಕೇಳುಗರೆಲ್ಲರಿಗೂ ನಮಸ್ಕಾರ.

ಶಾಲೆಯ ಪುಸ್ತಕದಲ್ಲಿ ಸೂರ್ಯನ ಪಕ್ಕ ಎಂಟು ಗ್ರಹಗಳು ಸಾಲಾಗಿ ನಿಂತ ಚಿತ್ರ ನೋಡಿದ್ದೀರಿ ಅಲ್ವಾ? ನನ್ನ ತಂಗಿಯ ಮಗಳು ಅದನ್ನೇ ತೋರಿಸಿ ಕೇಳಿದಳು, "ಮಾವ, ಗುರು ಇಷ್ಟು ಹತ್ತಿರ ಇದ್ದರೆ ನಮಗೆ ಚಂದ್ರನಿಗಿಂತ ದೊಡ್ಡದಾಗಿ ಕಾಣಬೇಕಿತ್ತಲ್ವಾ?" ತುಂಬಾ ಒಳ್ಳೆಯ ಪ್ರಶ್ನೆ. ಆ ಚಿತ್ರದಲ್ಲಿ ದೂರದ ಲೆಕ್ಕವೇ ಇಲ್ಲ. ಪುಟದಲ್ಲಿ ಅದು ಹಿಡಿಸುವುದೂ ಇಲ್ಲ.

ಹಾಗಾಗಿ ಭಾನುವಾರ ಸಂಜೆ ಒಂದು ಸುಲಿದ ತೆಂಗಿನಕಾಯಿ, ಸ್ವಲ್ಪ ಸಾಸಿವೆ, ಸಜ್ಜಿಗೆ ರವೆ, ಎರಡು ಒಳ್ಳೆಮೆಣಸು, ಎರಡು ಗೋಲಿ ಇಷ್ಟನ್ನು ಕಟ್ಟಿಕೊಂಡು ಮೂವರೂ ಮಲ್ಪೆಗೆ ಹೋದೆವು.

ತೆಂಗಿನಕಾಯಿಯೇ ಸೂರ್ಯ. ಅಡ್ಡಳತೆ ಸುಮಾರು 14 ಸೆಂಟಿಮೀಟರ್, ಅಂದರೆ ನಿಜವಾದ ಸೂರ್ಯನನ್ನು ಸಾವಿರ ಕೋಟಿ ಪಟ್ಟು ಕುಗ್ಗಿಸಿದ ಹಾಗೆ. ಅದನ್ನು ಕಾಯಲು ತಂಗಿ ಕುಳಿತಳು, ನಾವಿಬ್ಬರು ಕಡಲಿನ ಬದಿಯಲ್ಲೇ ನಡೆದೆವು. ನನ್ನ ಎಂಟು ಹೆಜ್ಜೆಗೆ ಬುಧ, ಒಂದು ರವೆ ಕಾಳು. ಹದಿನಾಲ್ಕಕ್ಕೆ ಶುಕ್ರ, ಒಂದು ಸಾಸಿವೆ. ಬುಧ ಸೂರ್ಯನಿಗೆ ಹತ್ತಿರವಿದ್ದರೂ ಬಿಸಿ ಜಾಸ್ತಿ ಇರುವುದು ಶುಕ್ರನಲ್ಲಿ, ಯಾಕೆಂದರೆ ಅಲ್ಲಿನ ದಪ್ಪ ಇಂಗಾಲದ ಡೈಆಕ್ಸೈಡ್ ಹೊದಿಕೆ ಶಾಖವನ್ನು ಹೊರಗೆ ಬಿಡುವುದಿಲ್ಲ, ನೆಲವೇ 460 ಡಿಗ್ರಿ ಸೆಲ್ಸಿಯಸ್ ದಾಟಿ ಕಾದಿರುತ್ತದೆ.

ಇಪ್ಪತ್ತನೇ ಹೆಜ್ಜೆಗೆ ಇನ್ನೊಂದು ಸಾಸಿವೆ. ಅದು ನಮ್ಮ ಭೂಮಿ.

ಹೊಯಿಗೆಯಲ್ಲಿ ಇಟ್ಟರೆ ಕಳೆದೇ ಹೋಗುತ್ತದೆ ಅಂತ ಬಿಳಿ ಕಾಗದಕ್ಕೆ ಅಂಟಿಸಿದ್ದೆವು. ಚಂದ್ರ ಎಲ್ಲಿ ಅಂತ ಕೇಳಿದಳು. ಸಾಸಿವೆಯ ಪಕ್ಕ ಎರಡು ಬೆರಳು ಇಟ್ಟು, ಅದರಾಚೆ ಪೆನ್ಸಿಲ್ಲಿನಿಂದ ಒಂದು ಚುಕ್ಕಿ ಹಾಕಿದೆ. ಭೂಮಿ ಬಿಟ್ಟರೆ ಮನುಷ್ಯ ಕಾಲಿಟ್ಟ ಜಾಗ ಅದೊಂದೇ, ಎರಡು ಬೆರಳಿನ ಅಗಲ! ಹೇಳುವಾಗ ನನಗೇ ಮೈ ಜುಂ ಅಂದಿತು.

ಮೂವತ್ತಕ್ಕೆ ಮಂಗಳ, ಮತ್ತೆ ರವೆ ಕಾಳು. 2014ರಲ್ಲಿ ನಮ್ಮ ಮಂಗಳಯಾನ ಹೋಗಿ ಸುತ್ತಿದ್ದು ಇದನ್ನೇ.

ಇಲ್ಲಿಂದ ಮುಂದೆ ಸುಮ್ನೆ ನಡೆಯುವುದೇ ಕೆಲಸ. ಗುರು ಬರುವುದು ನೂರ ನಾಲ್ಕನೇ ಹೆಜ್ಜೆಗೆ. ಗ್ರಹಗಳಲ್ಲೆಲ್ಲ ದೊಡ್ಡದು, ಆದರೂ ಇಲ್ಲೊಂದು ಗೋಲಿ ಅಷ್ಟೇ. ಅವಳ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು, ಹಿಂದೆ ತಿರುಗಿದರೆ ಭೂಮಿಯ ಕಾಗದವೇ ಸರಿಯಾಗಿ ಕಾಣುತ್ತಿರಲಿಲ್ಲ. ನೂರ ತೊಂಬತ್ತಕ್ಕೆ ಶನಿ, ಸ್ವಲ್ಪ ಸಣ್ಣ ಗೋಲಿ. ಅದನ್ನು 10 ರೂಪಾಯಿ ನಾಣ್ಯದ ಮೇಲೆ ಇಟ್ಟೆವು, ಉಂಗುರದ ಅಗಲ ಸರಿಯಾಗಿ ಅಷ್ಟೇ. ನಿಜವಾದ ಉಂಗುರದಲ್ಲಿ ಇರುವುದು ಹೆಚ್ಚಾಗಿ ಮಂಜುಗಡ್ಡೆಯ ಚೂರುಗಳು.

ಮಂಗಳವಾರದಿಂದ ಶನಿವಾರದವರೆಗೆ ಹೆಸರು ಕೊಟ್ಟ ಐದು ಗ್ರಹಗಳು ಇಲ್ಲಿಗೆ ಮುಗಿದವು, ಬರಿಗಣ್ಣಿಗೆ ಚೆನ್ನಾಗಿ ಕಾಣುವುದು ಇವೇ. ಯುರೇನಸ್ ಗ್ರಹವೆಂದು ಗೊತ್ತಾದದ್ದು 1781ರಲ್ಲಿ, ದೂರದರ್ಶಕದಿಂದ. ನೆಪ್ಚೂನ್ ಎಲ್ಲಿದೆ ಅಂತ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ, ಆಮೇಲೆ 1846ರಲ್ಲಿ ಆಕಾಶದಲ್ಲಿ ಹುಡುಕಿ ಹಿಡಿದರು.

ಆರುನೂರನೇ ಹೆಜ್ಜೆಗೆ ಕೊನೆಯ ಒಳ್ಳೆಮೆಣಸು ಇಟ್ಟೆವು. ವಾಯೇಜರ್ 2 ನೌಕೆಗೆ ಈ ದೂರಕ್ಕೆ ಹನ್ನೆರಡು ವರ್ಷ ಬೇಕಾಯಿತು.

"ಮಾವ, ಇನ್ನೊಂದು ತೆಂಗಿನಕಾಯಿ ಎಲ್ಲಿದೆ?" ಅಂದಳು. ಅತಿ ಹತ್ತಿರದ, ಸೂರ್ಯನಂಥ ಇನ್ನೊಂದು ನಕ್ಷತ್ರ ಇದೇ ಲೆಕ್ಕದಲ್ಲಿ 4000 ಕಿಲೋಮೀಟರಿಗಿಂತ ಆಚೆ. ಕಡಲಿನ ಕಡೆ ಕೈ ತೋರಿಸಿ, ದುಬೈ ದಾಟಿ ಇನ್ನೂ ದೂರ ಅಂದೆ. ಬೋಟುಗಳ ದೀಪ ಹತ್ತಿಕೊಳ್ಳುತ್ತಿದ್ದವು. ಅವಳು ತುಂಬಾ ಹೊತ್ತು ಅತ್ತಲೇ ನೋಡುತ್ತಾ ನಿಂತಳು.