ವಾಲಿಯನ್ನು ಸುಟ್ಟ ಬೂದಿನಾ? ನಿಂಬಾಪುರದ ದಿಬ್ಬದ ಕಥೆ ಹುಟ್ಟಿದ್ದು ಹೇಗೆ

[ದೃಶ್ಯ: ತಳವಾರಘಟ್ಟದ ಹತ್ತಿರ ತುಂಗಭದ್ರೆ, ಆಚೆ ದಡದಲ್ಲಿ ಆನೆಗೊಂದಿ]

ನಮಸ್ಕಾರ ಎಲ್ಲರಿಗೂ. ಹಂಪಿಗೆ ಹೋದವರು ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡು ವಾಪಸ್ ಬಂದುಬಿಡುತ್ತಾರೆ. ಅಲ್ಲೇ ಹತ್ತಿರದ ನಿಂಬಾಪುರದ ಬೂದಿ ದಿಬ್ಬದ ಕಡೆ ತಿರುಗಿ ನೋಡುವವರು ಕಡಿಮೆ. ರಾಮನ ಬಾಣಕ್ಕೆ ಸತ್ತ ವಾಲಿಯನ್ನು ಸುಟ್ಟಿದ್ದು ಇಲ್ಲೇ ಅಂತ ಜನ ಹೇಳುತ್ತಾರೆ. ಹೊಳೆ ದಾಟಿದರೆ ಆನೆಗೊಂದಿ, ಅದೇ ಕಿಷ್ಕಿಂಧೆ ಅನ್ನೋದು ಈ ಭಾಗದ ನಂಬಿಕೆ. ಮತ್ತೆ ವಾಲಿಯ ಬೂದಿ ಬೇರೆ ಎಲ್ಲಿ ಇರಬೇಕು ಹೇಳಿ?

ಸರಿ, ಈಗ ಬಳ್ಳಾರಿ ಹತ್ತಿರದ ಕುಡತಿನಿಗೆ ಬನ್ನಿ.

[ದೃಶ್ಯ: ಬಳ್ಳಾರಿ–ಹೊಸಪೇಟೆ ರಸ್ತೆ]

ಇಲ್ಲೂ ಅಂಥದ್ದೇ ದಿಬ್ಬ. ಇಲ್ಲಿರೋ ಥರ್ಮಲ್ ಪ್ಲಾಂಟಿನ ಬೂದಿ ಅಲ್ಲರೀ, ಅದು ಬೇರೆ! 1843ರಲ್ಲಿ ಈ ದಿಬ್ಬಗಳ ಬಗ್ಗೆ ಬರೆದ ನ್ಯೂಬೋಲ್ಡ್ ಅನ್ನೋ ಸೇನಾಧಿಕಾರಿಗೆ ಇಲ್ಲಿಯ ಜನ ಹೇಳಿದ್ದು ವಾಲಿಯ ಹೆಸರಲ್ಲ, ಭೀಮ ಕೊಂದ ಹಿಡಿಂಬಾಸುರನ ಹೆಸರು. ಅಂದರೆ ಒಂದೇ ಥರದ ಬೂದಿ, ಅಲ್ಲಿ ರಾಮಾಯಣ, ಇಲ್ಲಿ ಮಹಾಭಾರತ.

ನನಗೆ ಕುತೂಹಲ ಹುಟ್ಟಿಸಿದ್ದು ಇದೇ.

ಬೂದಿ ಅಂದರೆ ಒಲೆಯ ಬೂದಿಯ ಹಾಗೆ ಮೆತ್ತಗಿನದು ಮಾತ್ರ ಅಂದುಕೊಳ್ಳಬೇಡಿ. ಎಷ್ಟೋ ಕಡೆ ಬೆಂಕಿಯ ಕಾವಿಗೆ ಕರಗಿ, ಗಟ್ಟಿಯಾಗಿ, ಕಬ್ಬಿಣದ ಕಿಟ್ಟದ ಹಾಗೆ ಆಗಿದೆ. ಅದಕ್ಕೇ ಹಳೆಯ ವಿದ್ವಾಂಸರು ಜ್ವಾಲಾಮುಖಿ ಇರಬಹುದು, ಸುಣ್ಣದ ಗೂಡು ಇರಬಹುದು ಅಂತ ತಲೆ ಕೆಡಿಸಿಕೊಂಡರು. ಇದು ದನದ ಸಗಣಿ ಸುಟ್ಟ ಬೂದಿ ಅಂತ ಗುರುತಿಸಿದವರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮುಖ್ಯರು. ಆಮೇಲೆ 1957ರಲ್ಲಿ ರಾಯಚೂರಿನಿಂದ ಕೃಷ್ಣೆಯ ಆಚೆಗಿರುವ ಉಟ್ನೂರಿನಲ್ಲಿ ಆಲ್ಚಿನ್ ಅನ್ನೋ ಪುರಾತತ್ವ ವಿದ್ವಾಂಸರು ಇಂಥದ್ದೇ ದಿಬ್ಬ ಅಗೆಸಿದಾಗ, ದೊಡ್ಡಿಯ ಬೇಲಿಗೆ ನೆಟ್ಟ ಗೂಟಗಳ ಗುಂಡಿ ಸಿಕ್ಕವು, ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತೂ ಸಿಕ್ಕಿತು. 1960ರಲ್ಲಿ ಝಾಯ್ನರ್ ಅನ್ನೋ ವಿಜ್ಞಾನಿ ಬಳ್ಳಾರಿ ಕಡೆಯ ಬೂದಿಯನ್ನೇ ಪರೀಕ್ಷೆ ಮಾಡಿ ಸಗಣಿ ಅನ್ನೋದನ್ನು ಖಚಿತಪಡಿಸಿದರು.

[ದೃಶ್ಯ: ಕಪ್ಪಗಲ್ಲು ಗುಡ್ಡದ ಬಂಡೆಗಳ ಮೇಲಿನ ಗೂಳಿ ಚಿತ್ರಗಳು]

ಹೊಸ ಶಿಲಾಯುಗದ ದನಗಾಹಿಗಳ ಕೆಲಸ ಇದು. ಹೆಚ್ಚುಕಡಿಮೆ 4000–5000 ವರ್ಷ ಹಳೆಯದು. ಸಗಣಿ ಗುಡ್ಡೆ ಹಾಕಿ ಯಾಕೆ ಸುಟ್ಟರು? ಆಲ್ಚಿನ್ ಇದನ್ನು ನಮ್ಮ ಹಬ್ಬಗಳ ಬೆಂಕಿಗೆ ಹೋಲಿಸಿದರು, ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸ್ತಾರಲ್ವಾ, ಅಂಥದ್ದು. ಚಂದದ ಊಹೆ, ಆದರೆ ಊಹೆಯೇ.

ಈಗ ಕಥೆಗೆ ಬರೋಣ. ‘ನೋಡಿ, ನಮ್ಮ ಹಿರಿಯರು ಐದು ಸಾವಿರ ವರ್ಷದ ಹಿಂದಿನದನ್ನು ನೆನಪಿಟ್ಟುಕೊಂಡಿದ್ದರು’ ಅಂತ ಫಾರ್ವರ್ಡ್ ಮೆಸೇಜ್ ಬರುತ್ತವಲ್ಲ, ಅದನ್ನು ನಾನು ಒಪ್ಪಲ್ಲ. ನೆನಪೇ ಆಗಿದ್ದರೆ ಎಲ್ಲಾದರೂ ಒಂದು ಕಡೆ ದನದ ಸುದ್ದಿ ಬರಬೇಕಿತ್ತು, ಬಂದಿದ್ದು ಹೆಣದ ಸುದ್ದಿ. ಅದೂ ಒಂದೊಂದು ಊರಲ್ಲಿ ಒಬ್ಬೊಬ್ಬರದು. ದನಗಾಹಿಗಳನ್ನು ಜನ ಪೂರ್ತಿ ಮರೆತ ಮೇಲೆ, ಇಷ್ಟು ಬೂದಿ ಆಗಬೇಕಾದರೆ ಸತ್ತವನು ಎಷ್ಟು ದೊಡ್ಡವನಿರಬೇಕು ಅಂತ ಯೋಚಿಸಿ, ಹತ್ತಿರದಲ್ಲಿ ಯಾರ ಕಥೆ ಇತ್ತೋ ಅವರನ್ನು ತಂದು ಚಿತೆಗೆ ಹಾಕಿದರು. ಆದರೂ ಒಂದು ವಿಷಯದಲ್ಲಿ ಅವರೇ ಗೆದ್ದರು ಬಿಡಿ. ಜ್ವಾಲಾಮುಖಿ ಅಂದವರಿಗಿಂತ, ಇದು ಮನುಷ್ಯರು ಹಚ್ಚಿದ ಬೆಂಕಿ ಅಂದ ಊರವರೇ ಸರಿ.

ಗೊಬ್ಬರಕ್ಕೆ ಅಂತ ಈ ಬೂದಿಯನ್ನು ಅಗೆದು ಸಾಗಿಸಿ ಎಷ್ಟೋ ದಿಬ್ಬಗಳು ಸವೆದುಹೋಗಿವೆ. ನಿಮ್ಮೂರ ಕಡೆ ಇನ್ನೂ ಒಂದು ಉಳಿದಿದ್ದರೆ, ಅಲ್ಲಿ ಯಾರನ್ನು ಸುಟ್ಟರು ಅಂತ ಹೇಳುತ್ತಾರೆ? ಮನೆಯ ಹಿರಿಯರನ್ನು ಕೇಳಿ ಕಾಮೆಂಟ್‌ನಲ್ಲಿ ಬರೆಯಿರಿ, ಊರಿನ ಹೆಸರೂ ಇರಲಿ.