ಅಂಗಡಿಯ ಹಿಂದಿನ ಮಂಚ

ಕೇಳುಗರೇ, ನಮಸ್ಕಾರ.

1890ನೇ ಇಸವಿ. ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಸಿಯಾಟಲ್ ಊರು. ಹಿಂದಿನ ವರ್ಷ ಜೂನ್ ತಿಂಗಳ ದೊಡ್ಡ ಬೆಂಕಿಗೆ ಪೇಟೆಯ ಬಹುಭಾಗ ಸುಟ್ಟುಹೋಗಿತ್ತು. ಜನ ಇಟ್ಟಿಗೆಯಲ್ಲಿ ಮತ್ತೆ ಕಟ್ಟಿಕೊಳ್ಳುತ್ತಿದ್ದರು. ಜಾಕ್ಸನ್ ಬೀದಿಯಲ್ಲಿ ಲೇಕ್ ವಾಷಿಂಗ್ಟನ್ ಫಾರ್ಮಸಿ ಅಂತ ಒಂದು ಸಣ್ಣ ಔಷಧಿ ಅಂಗಡಿ. ಅಲ್ಲಿ ಕೆಲಸಕ್ಕಿದ್ದ ಜಾರ್ಜ್ ಬಾರ್ಟೆಲ್ ಎಂಬ 21 ವರ್ಷದ ಹುಡುಗ ಅದನ್ನೇ ಕೊಂಡುಕೊಂಡ. ಕಾನ್ಸಾಸ್ ಕಡೆಯಿಂದ ಬಂದವನು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಪುಟ್ಟ ಮಂಚ ಹಾಕಿಕೊಂಡು ಅಲ್ಲೇ ಮಲಗುತ್ತಿದ್ದ. ಅಪರಾತ್ರಿಯಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ಎದ್ದು ಔಷಧಿ ಕೊಡಬೇಕಲ್ಲ, ಅದಕ್ಕೆ.

ಆ ಅಂಗಡಿಯೇ ಮುಂದೆ ಬಾರ್ಟೆಲ್ ಡ್ರಗ್ಸ್ ಎಂಬ ಔಷಧಿ ಅಂಗಡಿಗಳ ಸರಪಳಿಯಾಯಿತು. ಅದರ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಆ ಮಂಚ.

1897ರಲ್ಲಿ ಕೆನಡಾದ ಕ್ಲಾಂಡೈಕ್ ಪ್ರದೇಶದಲ್ಲಿ ಚಿನ್ನ ಸಿಕ್ಕ ಸುದ್ದಿ ಸಿಯಾಟಲ್‌ಗೆ ಬಂತು. ಊರಿಗೆ ಊರೇ ಹಡಗು ಹತ್ತಿತು. ಬಾರ್ಟೆಲ್ ಕೂಡ ಹೊರಟ. ಆದರೆ ವಾಪಸ್ ಬಂದು ಮತ್ತೆ ಔಷಧಿ ವ್ಯಾಪಾರವನ್ನೇ ಹಿಡಿದ. 1898ರಲ್ಲಿ ಪೇಟೆಯ ನಡುವೆ, ಸೆಕೆಂಡ್ ಅವೆನ್ಯೂನಲ್ಲಿ, ಹೊಸ ಅಂಗಡಿ ತೆರೆದ. ಅಲ್ಲಿಂದ ಒಂದಾದ ಮೇಲೆ ಒಂದು ಮಳಿಗೆ.

ಅಮೆರಿಕದ ಡ್ರಗ್‌ಸ್ಟೋರ್ ಅಂದರೆ ನಮ್ಮ ಮೆಡಿಕಲ್ ಶಾಪ್‌ಗಿಂತ ಬೇರೆ ಥರ. ಒಂದು ಕಾಲಕ್ಕೆ ಅಲ್ಲಿ ಸೋಡಾ ಕೌಂಟರ್ ಇರುತ್ತಿತ್ತು. ಎತ್ತರದ ಸ್ಟೂಲಿನ ಮೇಲೆ ಕೂತು ಐಸ್‌ಕ್ರೀಮ್ ತಿನ್ನಬಹುದಿತ್ತು. ಚಾಕೊಲೇಟು, ಆಟಿಕೆ, ಶುಭಾಶಯ ಪತ್ರ ಎಲ್ಲ ಸಿಗುತ್ತಿತ್ತು. ಔಷಧಿ ವಿಭಾಗ ಮಾತ್ರ ಒಳಗಡೆ. ಅಲ್ಲಿ ಮಾತ್ರೆಗಳನ್ನು ಹೆಚ್ಚಾಗಿ ಸ್ಟ್ರಿಪ್‌ನಲ್ಲಿ ಕೊಡುವುದಿಲ್ಲ. ದೊಡ್ಡ ಡಬ್ಬಿಯಿಂದ ತಟ್ಟೆಗೆ ಸುರಿದು, ಚಪ್ಪಟೆ ಕಡ್ಡಿಯಿಂದ ಐದೈದರಂತೆ ಸರಿಸಿ ಎಣಿಸುತ್ತಾರೆ. ಕಿತ್ತಳೆ ಬಣ್ಣದ ಪುಟ್ಟ ಬಾಟಲಿಗೆ ತುಂಬಿ, ರೋಗಿಯ ಹೆಸರಿನ ಚೀಟಿ ಅಂಟಿಸಿ ಕೊಡುತ್ತಾರೆ. ಈ ಐದೈದರ ಎಣಿಕೆ ಎಷ್ಟು ತಾಳ್ಮೆಯ ಕೆಲಸ ಅಂತೀರಿ!

1939ರಲ್ಲಿ ಮಗ ಜಾರ್ಜ್ ಜೂನಿಯರ್ ವ್ಯವಹಾರ ವಹಿಸಿಕೊಂಡರು. ಅವರ ನಂತರ ಮೊಮ್ಮಕ್ಕಳಾದ ಜಾರ್ಜ್ ಮತ್ತು ಜೀನ್, ಅಣ್ಣ-ತಂಗಿ ಇಬ್ಬರೂ ಕಂಪನಿ ನಡೆಸಿದರು. ಮಳಿಗೆಗಳು 67 ಆದವು. ಆದರೂ ಸಿಯಾಟಲ್ ಸುತ್ತಮುತ್ತಲು ಬಿಟ್ಟು ದೂರ ಹೋಗಲಿಲ್ಲ. ಮೈಕ್ರೋಸಾಫ್ಟ್, ಅಮೆಜಾನ್ ಕೆಲಸಕ್ಕೆಂದು ಆ ಕಡೆ ಹೋದ ನಮ್ಮ ಕನ್ನಡಿಗರಿಗೂ ಬಾರ್ಟೆಲ್ ಫಲಕ ಗೊತ್ತಿತ್ತು.

ಇಷ್ಟು ಗಟ್ಟಿ ಸಂಸಾರದ ಅಂಗಡಿಗೆ ಏನಾಯಿತು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕದಲ್ಲಿ ಔಷಧಿಯ ದುಡ್ಡು ಹೆಚ್ಚಾಗಿ ವಿಮೆಯಿಂದ ಬರುತ್ತದೆ. ವಿಮಾ ಕಂಪನಿಗೂ ಔಷಧಿ ಅಂಗಡಿಗೂ ನಡುವೆ ಒಬ್ಬ ಮಧ್ಯವರ್ತಿ ಇದ್ದಾನೆ. ಯಾವ ಮಾತ್ರೆಗೆ ಅಂಗಡಿಯವರಿಗೆ ಎಷ್ಟು ಕೊಡಬೇಕು ಅನ್ನುವುದನ್ನು ಹೇಳುವವನು ಅವನೇ. ದೇಶದ ಔಷಧಿ ಚೀಟಿಗಳಲ್ಲಿ ನೂರಕ್ಕೆ ಸುಮಾರು 80 ಪಾಲು ಇಂಥ ಮೂರೇ ಕಂಪನಿಗಳ ಕೈಯಲ್ಲಿದೆ. ಕೆಲವು ಸಲ ಅವರು ಕೊಡುವ ದುಡ್ಡು ಅಂಗಡಿಯವನ ಅಸಲಿಗೂ ಸಾಲುವುದಿಲ್ಲ. ಮಾರಿದಷ್ಟೂ ನಷ್ಟ. ಗಿರಾಕಿ ಬಾಗಿಲಲ್ಲಿ ನಿಂತಿದ್ದಾನೆ, ಇಲ್ಲ ಅನ್ನೋಕಾಗಲ್ಲ. ದೊಡ್ಡ ಸರಪಳಿ ಅಂಗಡಿಗಳು ಚೌಕಾಸಿ ಮಾಡಬಲ್ಲವು. ಒಂದೂರಿನ 67 ಮಳಿಗೆಯ ಮಾತು ಯಾರು ಕೇಳುತ್ತಾರೆ? ಇದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

2020ರಲ್ಲಿ, 130 ವರ್ಷ ತುಂಬಿದ ವರ್ಷವೇ, ಕುಟುಂಬ ಕಂಪನಿಯನ್ನು ರೈಟ್ ಏಡ್ ಎಂಬ ದೊಡ್ಡ ಔಷಧಿ ಅಂಗಡಿ ಸರಪಳಿಗೆ 9.5 ಕೋಟಿ ಡಾಲರಿಗೆ ಮಾರಿತು. ರೈಟ್ ಏಡ್ 2023ರಲ್ಲಿ ದಿವಾಳಿ ಅರ್ಜಿ ಹಾಕಿತು, 2025ರಲ್ಲಿ ಮತ್ತೊಮ್ಮೆ. ಬಾರ್ಟೆಲ್ ಮಳಿಗೆಗಳು ಒಂದೊಂದಾಗಿ ಬಾಗಿಲು ಹಾಕಿದವು. 2025 ಮುಗಿಯುವ ಹೊತ್ತಿಗೆ ಆ ಹೆಸರಿನ ಒಂದು ಅಂಗಡಿಯೂ ಉಳಿದಿರಲಿಲ್ಲ.

ಉಳಿದಿದ್ದ ಮಳಿಗೆಗಳಲ್ಲಿ ಹಲವನ್ನು ವಹಿಸಿಕೊಂಡದ್ದು ಸಿವಿಎಸ್ ಎಂಬ ಇನ್ನೊಂದು ದೊಡ್ಡ ಸರಪಳಿ. ಆ ಮೂರು ಮಧ್ಯವರ್ತಿ ಕಂಪನಿಗಳಲ್ಲಿ ಒಂದಾದ ಕೇರ್‌ಮಾರ್ಕ್ ಇದೆಯಲ್ಲ, ಅದರ ಒಡೆತನವೂ ಸಿವಿಎಸ್‌ನದೇ. ಎಷ್ಟೋ ಮನೆಗಳ ಔಷಧಿ ಚೀಟಿಯ ದಾಖಲೆಗಳು ಈಗ ಅವರ ಕಂಪ್ಯೂಟರಿನಲ್ಲಿವೆ. ಕಿತ್ತಳೆ ಬಾಟಲಿ ಅದೇ, ಮಾತ್ರೆಯೂ ಅದೇ. ಚೀಟಿಯ ಮೇಲಿನ ಅಂಗಡಿಯ ಹೆಸರು ಬೇರೆ.

ನಮಸ್ಕಾರ.